ಹಿಂದಿನ ಗೇಟಿನ ಕೊಂಡಿ

"ರೀ, ಮೀಟಿಂಗಿನ್ಯಾಗ ನಾ ಮಾತಾಡ್ತೀನಿ. ನೀವು ಸುಮ್ನ ಚಹಾ ಕುಡೀರಿ" ಎಂದ ಶೈಲಶ್ರೀಯ ಮಾತು ಗಂಡ ಶಿವಪ್ರಕಾಶನ ಪಾಂಡಿತ್ಯಕ್ಕೇ ಪೆಟ್ಟುಕೊಟ್ಟಿತು. ವಾಹನಗಳ ಓಟಕ್ಕೆ ಗಣಿತದ ಮಾದರಿ ಕಟ್ಟುವುದು ಅವನ ಕಸುಬು. (ಸ್ವಂತ ಚಪ್ಪಲಿಗಳೆರಡನ್ನು ಒಂದೇ ಕಡೆ ಬಿಡಲು ಬಾರದು, ಆ ಮಾತು ಬೇರೆ.)

ಪುಣೆಯ ಅವರ ವಸತಿ ಸೊಸೈಟಿಯ ಹಿಂದಿನ ಗೇಟಿಗೆ ಮೊದಲಿನಿಂದಲೂ ಬೀಗ. ಅದನ್ನು ತೆಗೆಸಿದರೆ ಶೈಲಶ್ರೀ ಕೆಲಸ ಮಾಡುವ ಬ್ಯಾಂಕು ಎದುರಿಗೇ ಸಿಗುತ್ತಿತ್ತು. ತೆಗೆಸದಿದ್ದರೆ ದಿನಾ ಮುಖ್ಯರಸ್ತೆಯ ಹೊಗೆ ಕುಡಿಯುತ್ತ ಊರೆಲ್ಲ ಸುತ್ತಬೇಕು. ಇಂದಿನ ಸಭೆಯಲ್ಲಿ ಅದರ ತೀರ್ಮಾನ.

"ಇದು ಗಣಿತ. ಹರಟಿ ಅಲ್ಲ."

"ಗಣಿತ ಇರ್ಲಿ, ನಿಮಗ ಮರಾಠಿ ಬರಬೇಕಲ್ಲ?"

ಅವಳು ಪುಣೆಯಲ್ಲೇ ಹುಟ್ಟಿದವಳು. ಇವನು ಹೋದ ವರ್ಷ ಧಾರವಾಡದಿಂದ ಬಂದವನು. ಕನ್ನಡ ಶಬ್ದದ ತಲೆಯನ್ನೋ ಬಾಲವನ್ನೋ ತುಸು ಎಳೆದರೆ ಮರಾಠಿಯಾಗುತ್ತದೆಂಬುದು ಇವನ ಸಿದ್ಧಾಂತ.

ಸಭೆಯಲ್ಲಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಅವನ ಗಣಿತದಲ್ಲಿ ರಸ್ತೆ ಕೂಡುವ ವೃತ್ತಗಳೆಲ್ಲ ಗಂಟುಗಳು, ಅವನ್ನು ಜೋಡಿಸುವ ದಾರಿಗಳೆಲ್ಲ ಕೊಂಡಿಗಳು. ಒಂದು ಕೊಂಡಿ ಹೆಚ್ಚಾದರೆ ದಟ್ಟಣೆ ಹಂಚಿಹೋಗುತ್ತದೆ. ಆ ಕೊಂಡಿಯನ್ನು ಎರಡೂ ಕಡೆ ಎಳೆದು ಗರ್ಜಿಸಿದ: "ಗೇಟ್ ಉಘಡಾ! ದಾರಾತ್ ನವೀ ಕೋಂಡೀ ಹೋಈಲ್!" ಗೇಟು ತೆರೆಯಿರಿ, ಬಾಗಿಲಲ್ಲೇ ಹೊಸ ಕೊಂಡಿಯಾಗುತ್ತದೆ!

ಸಭೆಯೆಲ್ಲ ಅವನತ್ತ ತಿರುಗಿತು. ಅಧ್ಯಕ್ಷೆ ಗಂಗೂಬಾಯಿಯವರ ಚಹಾ ಕಪ್ಪಿನಿಂದ ಬಸಿಗೆ ತುಳುಕಿತು. "ಕಾಯಮಚೀ?" ಎಂದರು.

"ಹೋ, ಕಾಯಮಚೀ!" ಶಾಶ್ವತವಾಗಿ ಎಂದು ಎದೆಯುಬ್ಬಿಸಿ ಒಪ್ಪಿದ. ಶೈಲಶ್ರೀ ಅಂಗಿ ಜಗ್ಗಿದಳು. ಹೊಟ್ಟೆಕಿಚ್ಚು ಅಂದುಕೊಂಡ.

ಮರುಗಳಿಗೆಯಲ್ಲೇ, ಗೇಟಿನ ಜಾಗದಲ್ಲಿ ಗೋಡೆ ಕಟ್ಟಬೇಕೆಂದು ಕೈಗಳೆಲ್ಲ ಮೇಲೆದ್ದವು. ಶಿವಪ್ರಕಾಶ ಹೆಂಡತಿಯತ್ತ ಬಾಗಿದ.

"ಏನಾತ ಇವರಿಗೆ?"

"ಮರಾಠಿಯೊಳಗ ಕೋಂಡಿ ಅಂದ್ರ ಟ್ರಾಫಿಕ್ ಜಾಮ್ ರೀ! ಗೇಟ್ ತೆಗೀರಿ, ಬಾಗಿಲಿಗೇ ಜಾಮ್ ಆಗ್ತದ, ಅದೂ ಕಾಯಂ ಅಂತ ಒದರಿದ್ರಿ!"

ಅವನು ಎರಡೂ ಕೈ ಬೀಸಿದ. "ನಾಹೀ, ನಾಹೀ" ಎನ್ನುವಷ್ಟರಲ್ಲಿ ಗಂಗೂಬಾಯಿ ಶಾಲು ಹೊದಿಸಿಯೇಬಿಟ್ಟರು. ಹೆಂಡತಿಗೆ ತೊಂದರೆಯಾದರೂ ಸತ್ಯ ನುಡಿದ ತಜ್ಞರಂತೆ! ಗೋಡೆಯ ಮೊದಲ ಇಟ್ಟಿಗೆಯನ್ನೂ ಈ ತಜ್ಞರೇ ಇಡಬೇಕಂತೆ!

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಶೈಲಶ್ರೀ.

"ಇಟ್ಟಂಗಿ ಇಟ್ಟು ಕೈ ತೊಳಕೊಂಡು ಸ್ಕೂಟರ್ ಚಾವಿ ತಗೋರಿ" ಎಂದಳು. "ನಾಳಿಯಿಂದ ದಿನಾ ನನ್ನ ಬ್ಯಾಂಕಿಗೆ ಬಿಡಾವ್ರು ನೀವ."