ಲಾರಿ ಬಂದರೆ ಚಾವಣಿ

ಕೈಯಲ್ಲಿರುವ ದುಡ್ಡನ್ನು ಖರ್ಚು ಮಾಡುವಾಗ ಮನುಷ್ಯನಿಗೆ ಹೊಟ್ಟೆ ಉರಿಯುತ್ತದೆ. ಇನ್ನೂ ಬರಬೇಕಾದ ದುಡ್ಡನ್ನು ಹಂಚುವಾಗ ಅವನಷ್ಟು ಉದಾರಿ ಇನ್ನೊಬ್ಬನಿಲ್ಲ. ಈ ಮಾತನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಕೇಂದ್ರ ಸರ್ಕಾರದ ಲೆಕ್ಕಪತ್ರದ ಕಚೇರಿಯಲ್ಲಿ ಇಡೀ ಸರ್ವಿಸು ಸವೆಸಿ, ಧಾರವಾಡಕ್ಕೆ ಮರಳುವ ಬದಲು ನಾಗಪುರದಲ್ಲೇ ಮನೆ ಕಟ್ಟಿಕೊಂಡವನು ನಾನು. ಮಧ್ಯಾಹ್ನ ಕೂಲರಿನ ಮುಂದೆ ಒಂದು ನಿದ್ದೆ, ಸಂಜೆ ಪೇಪರು, ಇಷ್ಟೇ ನನ್ನ ಆಸೆ. ಅಷ್ಟರಲ್ಲಿ ನಮ್ಮ ಬಡಾವಣೆಯ ಅಭಿವೃದ್ಧಿಗೆ ಕೇಂದ್ರದ ಅನುದಾನ ಬಂತು. ಅದನ್ನು ಯಾವುದಕ್ಕೆ ಬಳಸಬೇಕೆಂದು ತೀರ್ಮಾನಿಸುವ ಸಮಿತಿಗೆ ಜನ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಜೀವಮಾನವೆಲ್ಲ ಬೇರೆಯವರ ಖರ್ಚಿನಲ್ಲಿ ತಪ್ಪು ಹುಡುಕಿದವನಿಗೆ ಸ್ವತಃ ತಪ್ಪು ಮಾಡುವ ಅವಕಾಶ ಸಿಕ್ಕಿದ್ದು ಅದೇ ಮೊದಲು.

ಒಬ್ಬರಿಗೆ ಸಿಮೆಂಟಿನ ಬೆಂಚು ಬೇಕು, ಇನ್ನೊಬ್ಬರಿಗೆ ತಮ್ಮ ಗೇಟಿನ ಎದುರೇ ದೀಪದ ಕಂಬ ಬೇಕು. ನಿಜವಾದ ಕಷ್ಟ ಇದ್ದದ್ದು ಸುಶೀಲಾತಾಯಿಗೆ. ಆಕೆ ಬಡಾವಣೆಯ ಅಂಚಿನ ಹಳೆಯ ತಗಡಿನ ಕೋಣೆಯೊಂದರಲ್ಲಿ ಕೂಲಿಕಾರರ ಮಕ್ಕಳಿಗೆ ಬಾಲವಾಡಿ ನಡೆಸುತ್ತಿದ್ದರು. ಮಳೆಗಾಲದಲ್ಲಿ ಅದು ಸೋರುತ್ತಿತ್ತು. ಸೋರಿದರೆ ಮಕ್ಕಳು ಬರುತ್ತಿರಲಿಲ್ಲ, ಒಮ್ಮೆ ಬಿಟ್ಟವರು ಮರಳಿ ಬರುವುದು ಅಪರೂಪ. "ಭಾವೂಜಿ, ಹೊಸಾ ತಗಡ ಹಾಕಸ್ರಿ, ಬಸ್," ಎಂದರು ಆ ಮರಾಠಿ ಹೆಂಗಸು, ನನ್ನ ಹೆಂಡತಿ ಕಮಲಳಿಂದ ಕಲಿತ ಕನ್ನಡದಲ್ಲಿ.

ಅಧ್ಯಕ್ಷನಾದವನು ಬರೀ ತಗಡಿಗೆ ಒಪ್ಪುವುದುಂಟೆ? ಮಹಾನಗರಪಾಲಿಕೆಯೂ ತನ್ನ ಪಾಲು ಸೇರಿಸಿದರೆ ಪಕ್ಕಾ ಕೋಣೆಯೇ ಏಳುತ್ತದೆಂದು ಸಭೆಯಲ್ಲಿ ಭಾಷಣ ಬಿಗಿದೆ. ಪಾಲಿಕೆಯವರು, ಜಕಾತಿ ಬಂದ ಹಾಗೆ ಕೊಡುತ್ತೇವೆ ಎಂದರು. ಊರೊಳಗೆ ಬರುವ ಸರಕಿನ ಮೇಲೆ ನಾಕಾದಲ್ಲಿ ವಸೂಲಾಗುವ ಜಕಾತಿಯೇ ಆಗ ಪಾಲಿಕೆಯ ಅನ್ನ.

"ಅವರ ರೊಕ್ಕ ಲಾರಿ ಮ್ಯಾಲೆ ಕೂತು ಬರಬೇಕ್ರಿ," ಎಂದಳು ಕಮಲಾ. "ಲಾರಿ ನಿಂತ್ರ ಏನ್ ಮಾಡ್ತೀರಿ?"

"ಲಾರಿ ಯಾಕ ನಿಲ್ತಾವ?" ಎಂದು ನಾನು ನಕ್ಕೆ.

ಹಳೆಯ ತಗಡನ್ನು ಕಿತ್ತದ್ದಾಯಿತು. ಕೇಂದ್ರದ ಹಣದಲ್ಲಿ ಗೋಡೆಗಳು ಎದ್ದವು, ಬಾಗಿಲೂ ಕೂತಿತು, ಚಾವಣಿ ಮಾತ್ರ ಪಾಲಿಕೆಯ ಪಾಲಿಗೆ ಉಳಿಯಿತು. ಆಮೇಲೆ ಲಾರಿಗಳು ನಿಂತವು. ದೇಶದ ಲಾರಿ ಮಾಲೀಕರು ಮುಷ್ಕರ ಹೂಡಿದ್ದರು. ರೈತ ಮೋಡ ನೋಡುವ ಹಾಗೆ ನಾನು ದಿನವೂ ಸ್ಕೂಟರ್ ಹತ್ತಿ ಊರಂಚಿನ ವಾಡಿಯ ನಾಕಾಕ್ಕೆ ಹೋಗಿ ಲಾರಿ ನೋಡತೊಡಗಿದೆ. ಅವುಗಳ ನೆರಳಿನಲ್ಲಿ ಡ್ರೈವರುಗಳು ಇಸ್ಪೀಟು ಆಡುತ್ತಿದ್ದರು. ಯಾವಾಗ ಹೊರಡುತ್ತೀರಪ್ಪಾ ಎಂದು ಒಬ್ಬ ಸರದಾರ್ಜಿಯನ್ನು ಕೇಳಿದೆ. "ಆಪ್‌ಕಾ ಕೌನ್‌ಸಾ ಮಾಲ್ ಅಟ್ಕಾ ಹೈ, ಸಾಬ್?" ಎಂದ. ಸಿಕ್ಕಿಕೊಂಡಿರುವ ನನ್ನ ಸರಕು ಚಾವಣಿ ಎನ್ನಲು ನಾಚಿಕೆಯಾಯಿತು.

ಮಳೆಗೆ ಮುಷ್ಕರವಿರಲಿಲ್ಲ. ಅದು ಬಂದ ಬೆಳಿಗ್ಗೆ ಸುಶೀಲಾತಾಯಿ ನೆನೆದ ಮಕ್ಕಳನ್ನೆಲ್ಲ ಕಟ್ಟಿಕೊಂಡು ನಮ್ಮ ಗೇಟಿನ ಮುಂದೆ ನಿಂತರು. ಆಕೆ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು, ಸೆರಗಿನಿಂದ ಒಂದೊಂದೇ ಮಗುವಿನ ತಲೆ ಒರೆಸುತ್ತಿದ್ದರು. ಕಮಲಾ ಬಾಗಿಲು ತೆರೆದು, "ಒಳಗ ಬರ್ರಿ, ಅಧ್ಯಕ್ಷರ ಮನಿ ಸೋರೂದಿಲ್ಲ," ಎಂದಳು.

ಅಂದಿನಿಂದ ನಮ್ಮ ನಡುಮನೆಯೇ ಬಾಲವಾಡಿ. ಕನ್ನಡಕದ ಡಬ್ಬಿಯೊಳಗೆ ಗೋಲಿಗಳು ಸೇರಿದವು, ಪೇಪರು ನಾನು ಓದುವ ಮೊದಲೇ ದೋಣಿಯಾಗಿ ಅಂಗಳದಲ್ಲಿ ತೇಲಿತು, ನಿದ್ದೆಯ ಮಾತಂತೂ ಬೇಡ. ನಾನು ಗೊಣಗಿದೆ. ಸುಶೀಲಾತಾಯಿಗೆ ಜ್ವರ ಬಂದಾಗ ಗೊಣಗುತ್ತಲೇ ಮಗ್ಗಿ ಹೇಳಿಕೊಟ್ಟೆ. ಬೇಬಿ ಎಂಬ ಪುಟ್ಟ ಹುಡುಗಿ ಎರಡರ ಮಗ್ಗಿಯ ನಡುವೆಯೇ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಕಾಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ನನ್ನ ನಿದ್ದೆ ಎಲ್ಲಿಗೆ ಹೋಯಿತೆಂದು ಆಗ ತಿಳಿಯಿತು.

ಒಂದು ಸಂಜೆ ವಾಡಿಗೆ ಹೋದರೆ ಲಾರಿಗಳು ಹಾರ್ನ್ ಹೊಡೆಯುತ್ತ ಹೊರಟಿದ್ದವು. ಸರದಾರ್ಜಿ ಕೈ ಬೀಸಿದ. ಇನ್ನು ಜಕಾತಿ ಬರುತ್ತದೆ, ಚಾವಣಿ ಏರುತ್ತದೆ, ಮಕ್ಕಳು ಹೋಗುತ್ತಾರೆ. ನನಗೆ ಖುಷಿಯಾಗಬೇಕಿತ್ತು. ದಾರಿಯುದ್ದಕ್ಕೂ ಲಾರಿಗಳನ್ನು ಬೈಯುತ್ತ ಮನೆಗೆ ಬಂದೆ.

"ಲಾರಿ ಹೊಂಟಾವೇನ್ರಿ?" ಕಮಲಾ ಅಡುಗೆಮನೆಯಿಂದ ಕೇಳಿದಳು.

"ಇನ್ನೂ ನಿಂತಾವ," ಎಂದೆ. ಸರ್ಕಾರಕ್ಕೆ ಅಷ್ಟು ವರ್ಷ ವರದಿ ಬರೆದ ನಾನು ಕೊಟ್ಟ ಮೊದಲ ಸುಳ್ಳು ವರದಿ ಅದು.

ಒಳಗೆ ಹೋಗಿ ನೋಡಿದರೆ, ಅವಳು ಮಕ್ಕಳ ನಾಳೆಯ ಅವಲಕ್ಕಿಗೆಂದು ಶೇಂಗಾ ಸುಲಿಯುತ್ತಿದ್ದಳು. ಕೆಳಗೆ ಹಾಸಿದ್ದು ಅಂದಿನ ಪೇಪರು. ಮುಷ್ಕರ ಮುಗಿಯಿತೆಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅವಳು ಒಂದಿಷ್ಟು ಸಿಪ್ಪೆಯನ್ನು ಆ ಸುದ್ದಿಯ ಮೇಲೆ ಎಳೆದು, "ಪಾಪ, ಇನ್ನೊಂದೆರಡ ದಿನ ನಿಂತಿರಲಿ ಬಿಡ್ರಿ," ಎಂದು ಶೇಂಗಾದ ಮೊರವನ್ನು ನನ್ನತ್ತ ಸರಿಸಿದಳು.