ಒಳ್ಳೆಯವರ ಆಟ

ಎಲ್ಲದಕ್ಕೂ ಕಾರಣ ಒಂದು ಲೋಟ ಹಾಲು.

ಮೇ ತಿಂಗಳ ಮೊದಲ ದಿನ ಬೆಳಿಗ್ಗೆ ಏಳೂವರೆಗೆ ಫರ್ಗಲ್ ಟೂಹಿ ಅರ್ಧ ಮುಖಕ್ಕೆ ಕ್ಷೌರ ಮುಗಿಸಿ ಕನ್ನಡಿಯ ಮುಂದೆ ನಿಂತಿದ್ದಾಗ ಹಿತ್ತಿಲ ಬಾಗಿಲು ತಟ್ಟಿದ ಸದ್ದಾಯಿತು. ತೆರೆದು ನೋಡಿದರೆ ಪಕ್ಕದ ಮನೆಯ ಡೆಲಿಯಾ ಹೆಹಿರ್. ಎಪ್ಪತ್ತು ದಾಟಿದ ಮುದುಕಿ, ತಲೆಗೆ ಅದೇ ಹಳೆಯ ನೀಲಿ ವಸ್ತ್ರ, ಕೈಯಲ್ಲಿ ಒಂದು ಮಣ್ಣಿನ ಲೋಟ.

"ಮಗಾ, ಒಂದು ಲೋಟ ಹಾಲು ಕೊಡ್ತೀಯಾ? ನಮ್ಮನೇದು ಒಡೆದುಹೋಯ್ತು."

ಫರ್ಗಲ್ ಹಿಂದೆಮುಂದೆ ನೋಡದೆ ಬಗ್ಗಿಸಿಕೊಟ್ಟ. ಮುದುಕಿ ಲೋಟವನ್ನು ಎದೆಗೊತ್ತಿಕೊಂಡು ಹೋದಳು. ಅವನು ಮತ್ತೆ ಕನ್ನಡಿಯ ಮುಂದೆ ಬಂದು ಕತ್ತಿ ಎತ್ತಿಕೊಂಡ ಮೇಲೆಯೇ ತಾನು ಮಾಡಿದ್ದು ಏನೆಂದು ಹೊಳೆದು, ಗಲ್ಲ ಕೊಯ್ದುಕೊಂಡ.

ಕಿಲ್‌ವಾರ್ನಾ ಹಳ್ಳಿಯಲ್ಲಿ ಮೇ ಒಂದರಂದು ಯಾರ ಮನೆಯಿಂದಲೂ ಹಾಲು ಹೊರಗೆ ಹೋಗುವುದಿಲ್ಲ, ಬೆಂಕಿಯೂ ಹೋಗುವುದಿಲ್ಲ. ಆ ದಿನ ಬಂದು ಕೇಳುವವರು 'ಅವರು' ಆಗಿರಬಹುದು. ಕೊಟ್ಟರೆ ಅದರ ಜೊತೆಗೆ ಮನೆಯ ಒಂದು ವರ್ಷದ ಅದೃಷ್ಟವೂ ಎದ್ದು ಹೋಗುತ್ತದೆ. ಕದಿಯುವುದು ಅವರಿಗೆ ಸಾಧ್ಯವಿಲ್ಲ. ನಾವೇ ಕೈಯಾರೆ ಕೊಡಬೇಕು. ಅವರನ್ನು ಕಿನ್ನರರು ಎಂದು ಬಾಯಿಬಿಟ್ಟು ಕರೆಯುವ ಧೈರ್ಯವೂ ಅಲ್ಲಿ ಯಾರಿಗೂ ಇಲ್ಲ. 'ಒಳ್ಳೆಯವರು' ಎನ್ನುತ್ತಾರೆ, ಅದೂ ದನಿ ತಗ್ಗಿಸಿ. ಅವರ ವಾಸ ಫರ್ಗಲ್‌ನ ಮನೆಯ ಹಿಂದಿನ ಲಿಸ್‌ನಾರಾ ದಿಬ್ಬದಲ್ಲಿ. ದಿಬ್ಬದ ಮೇಲೆ ಒಂಟಿ ಮುಳ್ಳುಮರವೊಂದಿದೆ. ಅದರ ಒಂದು ಕಡ್ಡಿಯನ್ನೂ ಇದುವರೆಗೆ ಯಾರೂ ಮುರಿದಿಲ್ಲ.

ಇದೆಲ್ಲ ಫರ್ಗಲ್‌ಗೆ ಗೊತ್ತಿಲ್ಲವೆಂದಲ್ಲ. ಊರಿನಲ್ಲಿ ಅವನಿಗೆ ಗೊತ್ತಿದ್ದಷ್ಟು ಪಾದ್ರಿಗೂ ಗೊತ್ತಿರಲಿಲ್ಲ. ಶಾಲೆಯ ಬಸ್ಸು ಓಡಿಸುವ ಆ ನಲವತ್ತೊಂದು ವರ್ಷದ ಒಂಟಿ ಆಸಾಮಿ ಮೂರು ಚಳಿಗಾಲ ಕೂತು ಒಂದು ಆಟ ಹೆಣೆದಿದ್ದ. ಮೇಜಿನ ಸುತ್ತ ಕೂತು, ಚೀಟಿ ಎತ್ತಿ, ದಾಳ ಹಾಕಿ ಆಡುವ ಆಟ. ಚೀಟಿಯಲ್ಲಿ ಬಂದ ಪಾತ್ರವನ್ನು ಆಡಬೇಕು. ಎಲ್ಲರೂ ಒಂದೇ ಊರಿನ ನೆರೆಹೊರೆಯವರು. ಅವರಲ್ಲೊಬ್ಬರು ಮಾತ್ರ ಮನುಷ್ಯರ ನಡುವೆ ಮನುಷ್ಯರಂತೆ ಬಾಳುವ 'ಒಳ್ಳೆಯವರು'. ಯಾರೆಂದು ಉಳಿದವರು ಕಂಡುಹಿಡಿಯಬೇಕು. ನೂರ ನಲವತ್ತು ಪುಟದ ನಿಯಮಗಳನ್ನು ಕೈಯಲ್ಲೇ ಬರೆದು, ಚಿತ್ರ ಬಿಡಿಸಿ, ಹೊಲಿದು ಪುಸ್ತಕ ಮಾಡಿದ್ದ. ಇದ್ದದ್ದು ಅದೊಂದೇ ಪ್ರತಿ.

ಆ ಮಧ್ಯಾಹ್ನ ಮೂರಕ್ಕೆ ಇಮೆಲ್ಡಾ ಪ್ರೆಂಡರ್‌ಗಾಸ್ಟ್ ಎಂಬಾಕೆ ಡಬ್ಲಿನ್‌ನಿಂದ ಬರುವವಳಿದ್ದಳು. ಆಟಗಳನ್ನು ಅಚ್ಚು ಹಾಕಿಸಿ ಮಾರುವುದು ಅವಳ ಕಸುಬು. ಒಂದು ಸಲ ಆಡಿ ನೋಡುತ್ತೇನೆ, ಹಿಡಿಸಿದರೆ ಅಲ್ಲೇ ಒಪ್ಪಂದ ಎಂದಿದ್ದಳು. ಫರ್ಗಲ್‌ಗೆ ದುಡ್ಡಿನ ಆಸೆಯಿರಲಿಲ್ಲ. ಊರವರೆಲ್ಲ ಅವನನ್ನು 'ಒಳ್ಳೆಯವರ ಡ್ರೈವರ್' ಎಂದು ಆಡಿಕೊಳ್ಳುತ್ತಿದ್ದರು. ಆಟದ ಪೆಟ್ಟಿಗೆಯ ಮೇಲೆ 'ಫರ್ಗಲ್ ಟೂಹಿ' ಎಂದು ಅಚ್ಚಾಗಬೇಕು, ಅದನ್ನು ಅಂಗಡಿಯ ಕಿಟಕಿಯಲ್ಲಿ ಅವರೆಲ್ಲ ನೋಡಬೇಕು, ಅಷ್ಟೇ. ಅಷ್ಟಕ್ಕಾಗಿ ಅವನು ಮೂರು ವರ್ಷ ನಿದ್ದೆಗೆಟ್ಟಿದ್ದ.

'ಡೆಲಿಯಾಮ್ಮ ತಾನೇ,' ಎಂದು ಗಲ್ಲಕ್ಕೆ ಕಾಗದ ಅಂಟಿಸಿಕೊಳ್ಳುತ್ತ ಸಮಾಧಾನ ಹೇಳಿಕೊಂಡ. 'ನಿಯಮವೆಲ್ಲ ಗುರುತಿಲ್ಲದವರಿಗೆ. ಪಕ್ಕದ ಮನೆಯವರಿಗಲ್ಲ.'

ಆದರೆ ನಾಯಿ ಶೆಪ್ ಮಂಚದ ಕೆಳಗೆ ಸೇರಿಕೊಂಡದ್ದು ಬಿಸ್ಕತ್ತು ತೋರಿಸಿದರೂ ಈಚೆ ಬರಲಿಲ್ಲ. ಗೋಡೆಯ ಗಡಿಯಾರ ಏಳೂವರೆಗೇ ನಿಂತಿತ್ತು.

ಹನ್ನೊಂದು ಗಂಟೆಗೆ ಡೆಲಿಯಾ ಮತ್ತೆ ಹಿತ್ತಿಲ ಬಾಗಿಲಿಗೆ ಬಂದಳು. ಈ ಸಲ ಕೈಯಲ್ಲಿ ಮಣ್ಣಿನ ಕುಡಿಕೆ.

"ಒಲೆ ಆರಿಹೋಯ್ತು ಮಗಾ. ಒಂದು ಕೆಂಡ ಕೊಡ್ತೀಯಾ?"

"ಡೆಲಿಯಾಮ್ಮ, ಇವತ್ತು ಮೇ ಒಂದು..."

"ಓಹೋ! ನಿಮ್ಮಮ್ಮ ಸತ್ತ ವಾರವಿಡೀ ಊಟ ತಂದುಕೊಟ್ಟೋಳು ನಿನ್ನ ಕಣ್ಣಿಗೆ ದಿಬ್ಬದೋಳ ಹಾಗೆ ಕಾಣ್ತೀನೇನೋ?"

ಫರ್ಗಲ್‌ಗೆ ನಾಚಿಕೆಯಾಯಿತು. ಇಕ್ಕಳದಲ್ಲಿ ಕೆಂಡ ಹಿಡಿದು ತಂದ. ಮುದುಕಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. "ದೂರದಿಂದ ಹಾಕೋ! ಆ ಕಬ್ಬಿಣ ಹತ್ತಿರ ಬಂದ್ರೆ ನನ್ನ ಕೀಲುನೋವು ಕೆರಳುತ್ತೆ."

ಕೀಲುನೋವಿನವಳು ಅಷ್ಟು ದೂರ ಹಾರಿದ್ದು ಹೇಗೆ ಎಂದು ಕೇಳಲು ಅವನಿಗೆ ಪುರುಸೊತ್ತಿರಲಿಲ್ಲ. ಆಟಕ್ಕೆ ಮೂವರು ಬೇಕಿತ್ತು, ಬರಬೇಕಿದ್ದ ಮೇಷ್ಟ್ರು ಜ್ವರವೆಂದು ಕೈಕೊಟ್ಟಿದ್ದರು.

"ಡೆಲಿಯಾಮ್ಮ, ಮಧ್ಯಾಹ್ನ ಒಂದು ಕೈ ಆಟಕ್ಕೆ ಬರ್ತೀರಾ?"

"ಒಳಗೆ ಕರೀತಾ ಇದೀಯಾ?"

"ಕರೀತಾ ಇದೀನಿ."

"ಹಾಗಾದ್ರೆ ಬರ್ತೀನಿ," ಎಂದು ಮುದುಕಿ ನಕ್ಕಳು. ಆ ನಗುವಿನಲ್ಲಿ ಹಲ್ಲು ಸ್ವಲ್ಪ ಹೆಚ್ಚೇ ಇದ್ದಂತೆ ಫರ್ಗಲ್‌ಗೆ ಕಂಡಿತು. ಹೊಸ ಕಟ್ಟುಹಲ್ಲು ಇರಬೇಕೆಂದುಕೊಂಡ.

ಅವಳು ಹೋದ ಮೇಲೆ ಒಲೆ ಉರಿಯುತ್ತಲೇ ಇತ್ತು, ಆದರೆ ಶಾಖವಿರಲಿಲ್ಲ. ಉರಿಯ ಹತ್ತಿರ ಅಂಗೈ ಹಿಡಿದರೂ ತಣ್ಣಗೇ ಇತ್ತು.

ಎರಡೂವರೆಗೆ ಕ್ರಿಸ್ಟಿ ಕಾನ್ಸಿಡೈನ್ ಬಂದ. ನಿವೃತ್ತ ಅಂಚೆಯವನು, ಊರವರ ಕಾಗದಗಳನ್ನೆಲ್ಲ ತಾನೇ ಮೊದಲು ಓದಿದವನಂತೆ ಎಲ್ಲರ ವಿಷಯಕ್ಕೂ ತಲೆಹಾಕುವ ಆಸಾಮಿ. "ಈ ಮನೆಗೆ ದೇವರು ಒಳ್ಳೇದು ಮಾಡ್ಲಿ," ಎಂದು ಪದ್ಧತಿಯಂತೆ ಹೇಳಿ ಒಳಗೆ ಕಾಲಿಟ್ಟವನೇ ಕೇಳಿದ: "ಅಲ್ಲ ಕಣೋ, ಬರೋಳು ಡಬ್ಲಿನ್‌ನೋಳು ಅಂತ ಹೇಳಿದ್ದು ಯಾರು?"

"ಅವರೇ."

"ಮತ್ತೆ! ಮುಖ ನೋಡಿದೀಯಾ?"

"ಇಲ್ಲ."

"ವರ್ಷದಲ್ಲಿ ಮುನ್ನೂರ ಅರವತ್ತೈದು ದಿನ ಇರೋವಾಗ ಇವತ್ತೇ ಯಾಕೆ ಬರ್ತಾಳೆ? ನಿಂಗೆ ಬುದ್ಧಿ ಇಲ್ಲ ಬಿಡು. ನಾನಿದೀನಿ."

ಹೀಗೆಂದ ಕ್ರಿಸ್ಟಿ ಕುರ್ಚಿ ಹತ್ತಿ, ಮುಂಬಾಗಿಲ ಮೇಲೆ ಫರ್ಗಲ್‌ನ ತಾಯಿ ಮೊಳೆ ಹೊಡೆದಿದ್ದ ಕುದುರೆ ಲಾಳವನ್ನು ಕಿತ್ತು ಕೈಗೆ ತೆಗೆದುಕೊಂಡ. ಕಬ್ಬಿಣ ಸೋಕಿದರೆ ಅವರು ಕಿರುಚದೆ ಇರುವುದಿಲ್ಲವಂತೆ. 'ಇದಿರೋ ತನಕ ಮುಂಬಾಗಿಲಿಂದ ಅವರು ಬರೋದಿಲ್ಲ' ಎಂದು ತಾಯಿ ಹೇಳುತ್ತಿದ್ದದ್ದು ಫರ್ಗಲ್‌ಗೆ ನೆನಪಾಯಿತು. ಅಷ್ಟರಲ್ಲಿ ಕಾರಿನ ಸದ್ದು ಕೇಳಿಸಿತು. ಕ್ರಿಸ್ಟಿ ಲಾಳವನ್ನು ಅತಿಥಿಯ ಕುರ್ಚಿಯ ಮೇಲಿಟ್ಟು ದಿಂಬು ಮುಚ್ಚಿದ.

ಇಮೆಲ್ಡಾ ಹಸಿರು ಕೋಟು ತೊಟ್ಟಿದ್ದಳು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. "ನಿಮ್ಮೂರಿನ ರಸ್ತೇಲಿ ಮೂರು ಸಲ ಅದೇ ಮರದ ಹತ್ತಿರಕ್ಕೇ ಬಂದೆ ನೋಡಿ," ಎನ್ನುತ್ತ ಕುರ್ಚಿಯಲ್ಲಿ ಕೂತವಳು ಚಿಟ್ಟನೆ ಕಿರುಚಿ ಎದ್ದು ನಿಂತಳು.

"ಕಿರುಚಿದ್ಲು!" ಎಂದು ಕ್ರಿಸ್ಟಿ ಫರ್ಗಲ್‌ನ ಪಕ್ಕೆ ತಿವಿದ.

"ಲಾಳದ ಮೇಲೆ ಕೂತ್ರೆ ಬಿಷಪ್ಪರೂ ಕಿರುಚ್ತಾರೆ," ಎಂದು ಫರ್ಗಲ್ ಹಲ್ಲು ಕಚ್ಚಿ ಪಿಸುಗುಟ್ಟಿ, ಲಾಳವನ್ನು ಮೇಜಿನ ಮೇಲಿಟ್ಟು ನೂರೆಂಟು ಸಲ ಕ್ಷಮೆ ಕೇಳಿದ.

ಡೆಲಿಯಾ ಅಷ್ಟು ಹೊತ್ತಿಗೆ ಹಿತ್ತಿಲಿಂದ ಬಂದು, ಲಾಳವನ್ನು ನೋಡಿ, ಮೇಜಿನ ಆಚೆ ತುದಿಗೆ ಹೋಗಿ ಕೂತಿದ್ದಳು.

ಚಹಾ ಬಂತು. ಉಗುರುಬೆಚ್ಚಗೂ ಇರಲಿಲ್ಲ. ಇಮೆಲ್ಡಾ ಒಂದು ಗುಟುಕು ಕುಡಿದು, "ಸ್ವಲ್ಪ ಹಾಲು ಸಿಗುತ್ತಾ?" ಎಂದಳು.

ಡೆಲಿಯಾ ಫರ್ಗಲ್‌ನತ್ತ ನೋಡಿ ಮೆಲ್ಲಗೆ ತಲೆಯಾಡಿಸಿದಳು, ಕೊಡಬೇಡ ಎಂದು.

"ಹಾಲು ಇಲ್ಲ, ಮೇಡಂ," ಎಂದ ಕ್ರಿಸ್ಟಿ, ಎದುರಿಗಿದ್ದ ತುಂಬಿದ ಹಾಲಿನ ಹೂಜಿಯ ಮೇಲೆ ಟೋಪಿ ಮುಚ್ಚುತ್ತ.

"ಅದರಲ್ಲಿ?"

"ಸುಣ್ಣ."

ಇಮೆಲ್ಡಾ ಅವನನ್ನು ನೋಡಿದಳು, ಟೋಪಿಯನ್ನು ನೋಡಿದಳು, ಸಿಗರೇಟು ತೆಗೆದಳು. "ಬೆಂಕಿಕಡ್ಡಿ?"

ಕ್ರಿಸ್ಟಿ ಬೆಂಕಿಪೊಟ್ಟಣದ ಮೇಲೆ ಕೂತುಬಿಟ್ಟ. ಫರ್ಗಲ್‌ಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು. "ಮೊದಲು ಆಟ ಶುರು ಮಾಡೋಣ್ವಾ?" ಎಂದು ಬೆವರುತ್ತ ಚೀಟಿಗಳನ್ನು ಹರಡಿದ.

ಡೆಲಿಯಾ ತನ್ನ ಚೀಟಿ ಬಿಚ್ಚಿ ನೋಡಿ ಗಟ್ಟಿಯಾಗಿ ಹೇಳಿದಳು: "ನಂಗೆ ಒಳ್ಳೆಯವಳ ಪಾತ್ರ ಬಂದಿದೆ."

"ಅಯ್ಯೋ, ಹೇಳಬಾರದು ಡೆಲಿಯಾಮ್ಮ! ಗುಟ್ಟಾಗಿಡಬೇಕು."

"ಯಾಕೆ ಮಗಾ? ಹೇಳಿದ್ರೆ ತಾನೇ ಯಾರು ನಂಬ್ತಾರೆ?"

ಇಮೆಲ್ಡಾ ಮೊದಲ ಬಾರಿಗೆ ನಕ್ಕಳು. ಫರ್ಗಲ್ ಪುಸ್ತಕ ತೆರೆದು, ನಿಯಮ ಮುರಿದದ್ದಕ್ಕೆ ಡೆಲಿಯಾಳ ಎರಡು ಅಂಕ ಕಳೆದ.

ಆಟ ನಡೆದಷ್ಟೂ ಕೋಣೆಯ ಬೆಳಕು ಹಸಿರಾಗುತ್ತ ಬಂತು. ಹೊರಗೆ ಬಿಸಿಲು ಬಿಸಿಲಾಗಿಯೇ ಇತ್ತು. ಡೆಲಿಯಾ ದಾಳ ಹಾಕಿದಾಗಲೆಲ್ಲ ಆರೇ ಬೀಳುತ್ತಿತ್ತು. ಅವಳು ಕಣ್ಣು ಅರೆಮುಚ್ಚಿ ಹೇಳತೊಡಗಿದಳು: ಮನುಷ್ಯರ ಉಪ್ಪಿನ ವಾಸನೆ ಹೇಗಿರುತ್ತದೆ, ಅವರ ಅಡುಗೆಮನೆಯಲ್ಲಿ ಕೂತು ಅವರ ಮಾತಿಗೆ ಹ್ಞೂಂಗುಟ್ಟುವುದು ಎಷ್ಟು ಬೇಸರ, ಚರ್ಚಿನ ಗಂಟೆ ಹೊಡೆದಾಗ ಹಲ್ಲಿನ ಬೇರು ಹೇಗೆ ಜುಮ್ಮೆನ್ನುತ್ತದೆ. ಇಮೆಲ್ಡಾಳ ತೋಳಿನ ರೋಮ ನಿಂತಿತು. ಕ್ರಿಸ್ಟಿ ಶಿಲುಬೆಯ ಗುರುತು ಮಾಡಿಕೊಂಡ, ಇಮೆಲ್ಡಾಳ ಕಡೆ ನೋಡಿಕೊಂಡೇ.

"ಇದು ಸರಿಯಲ್ಲ," ಎಂದು ಫರ್ಗಲ್ ಪುಟ ತಿರುವಿದ. "ನಿಯಮ ನಲವತ್ತೊಂದು: ಅವರು ಯಾವಾಗಲೂ ಗುರುತಿಲ್ಲದವರ ಹಾಗೆ ಬರ್ತಾರೆ. ನೀವು ಪಕ್ಕದ ಮನೆಯೋಳ ಹಾಗೆ ಆಡ್ತಿದೀರಿ."

"ಗುರುತಿಲ್ಲದೋರಿಗೆ ಯಾರು ಏನು ಕೊಡ್ತಾರೆ ಮಗಾ?"

"ಅದೆಲ್ಲ ಗೊತ್ತಿಲ್ಲ. ಪುಸ್ತಕದಲ್ಲಿ ಹಾಗಿಲ್ಲ. ಒಳ್ಳೆಯವರು ಹೇಗಿರ್ತಾರೆ ಅಂತ ನಿಮಗೆ ಒಂಚೂರೂ ಗೊತ್ತಿಲ್ಲ ಡೆಲಿಯಾಮ್ಮ." ಇನ್ನು ಐದು ಅಂಕ ಹೋಯಿತು. ಡೆಲಿಯಾ ಸೊನ್ನೆಗೆ ಬಂದು ಸೋತಳು. ತುಟಿಯ ಕೊನೆಯಲ್ಲಿ ಮಾತ್ರ ನಗುತ್ತ ಕೂತಳು.

"ಆಟ ಚೆನ್ನಾಗಿದೆ," ಎಂದು ಇಮೆಲ್ಡಾ ಎದ್ದಳು. "ಪುಸ್ತಕ ಕೊಡಿ, ಡಬ್ಲಿನ್‌ಗೆ ಒಯ್ದು ಪೂರ್ತಿ ಓದ್ತೀನಿ."

ಫರ್ಗಲ್‌ನ ಎದೆ ಹಿಗ್ಗಿತು. ಕೈ ಮುಂದೆ ಚಾಚಿಯೂ ಚಾಚಿದ. ಕ್ರಿಸ್ಟಿ ಅವನ ಕೋಟು ಹಿಡಿದೆಳೆದ. "ಲೋ, ಹಾಲು ಕೇಳಿದ್ಲು, ಬೆಂಕಿ ಕೇಳಿದ್ಲು, ಈಗ ಮೂರನೇದು! ಕೊಟ್ರೆ ಕೆಟ್ಟೆ!"

"ನನ್ನ ಕೈಗೆ ಕೊಡು ಮಗಾ," ಎಂದಳು ಡೆಲಿಯಾ ಮೆತ್ತಗೆ. "ನಾಳೆ ಎರಡನೇ ತಾರೀಕು. ಅಂಚೆಗೆ ಹಾಕಿದ್ರಾಯ್ತು. ನಿಂಗೂ ಭಯವಿಲ್ಲ, ಅವರಿಗೂ ಬೇಜಾರಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಫರ್ಗಲ್ ನೂರ ನಲವತ್ತು ಪುಟವನ್ನೂ ಎರಡು ಕೈಯಲ್ಲೆತ್ತಿ ಡೆಲಿಯಾಳಿಗೆ ಕೊಟ್ಟ. ಇಮೆಲ್ಡಾ ಮುಖ ಕೆಂಪಗೆ ಮಾಡಿಕೊಂಡು, ಹಾಲಿಲ್ಲದ ಚಹಾ, ಹಚ್ಚದ ಸಿಗರೇಟು, ಲಾಳದ ಗಾಯ ಮೂರನ್ನೂ ಒಂದೇ ಉಸಿರಿನಲ್ಲಿ ಬೈದು, ಕಾರು ಹತ್ತಿ ಹೋದಳು. ಡೆಲಿಯಾ ಹಿತ್ತಿಲಿಂದ ಹೋದಳು. ದೊಡ್ಡ ಗಂಡಾಂತರ ತಪ್ಪಿಸಿದ ಗತ್ತಿನಲ್ಲಿ ಕ್ರಿಸ್ಟಿಯೂ ಹೊರಟ.

ಐದೂವರೆಗೆ ಲಿಮರಿಕ್‌ನ ಬಸ್ಸು ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಮುಂಬಾಗಿಲು ತೆರೆದುಕೊಂಡಿತು.

"ಈ ಮನೆಗೆ ದೇವರು ಒಳ್ಳೇದು ಮಾಡ್ಲಿ! ಅಬ್ಬಬ್ಬಾ, ಸೊಂಟ ಬಿತ್ತು." ಬಾಗಿಲಲ್ಲಿ ನಿಂತಿದ್ದವಳು ಡೆಲಿಯಾ ಹೆಹಿರ್. ಒಂದು ಕಣ್ಣಿಗೆ ಬ್ಯಾಂಡೇಜು, ಕೈಯಲ್ಲಿ ಪ್ರಯಾಣದ ಚೀಲ.

ಶೆಪ್ ಮಂಚದ ಕೆಳಗಿಂದ ಓಡಿ ಬಂದು ಬಾಲ ಅಲ್ಲಾಡಿಸಿತು.

"ಎಲ್ಲಿಗೆ... ಎಲ್ಲಿಗೆ ಹೋಗಿದ್ರಿ ಡೆಲಿಯಾಮ್ಮ?"

"ಇದೊಳ್ಳೆ ಕತೆ! ಕಣ್ಣಿನ ಆಪರೇಷನ್ನಿಗೆ ತಂಗಿ ಮನೆಗೆ ಹೋಗಿ ಹತ್ತು ದಿನ ಆಯ್ತು. ನಿಂಗೆ ಹೇಳೇ ಹೋಗಿದ್ದೆ. ನೀನು ಆ ಹಾಳು ಪುಸ್ತಕದಿಂದ ತಲೆ ಎತ್ತದೆ ಹ್ಞೂಂ ಅಂದೆ."

ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಫರ್ಗಲ್ ನಡೆದದ್ದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆಯುವಾಗ ಫೋನು ಹೊಡೆದುಕೊಂಡಿತು. ಇಮೆಲ್ಡಾ.

"ಸಿಟ್ಟು ಇಳೀತು ಬಿಡಿ," ಎಂದಳು ಲವಲವಿಕೆಯಿಂದ. "ಆ ಡೆಲಿಯಾ ಹೆಹಿರ್ ನಾಲ್ಕುದಾರಿ ಕೂಡೋ ಕಡೆ ಕಾರು ನಿಲ್ಲಿಸಿದ್ರು. ಪುಸ್ತಕ ನೀವೇ ಕೈಯಾರೆ ಅವರಿಗೆ ಕೊಟ್ಟಿದ್ದು ನೋಡಿದೆ. ಪೂರ್ತಿ ಕೊಟ್ಟೇಬಿಟ್ರಂತೆ, ಹೌದಾ?"

"ಕೊಟ್ಟೆ."

"ಸರಿ ಹಾಗಾದ್ರೆ. ಎಷ್ಟು ಚೆನ್ನಾಗಿ ತಪ್ಪೆಲ್ಲ ತಿದ್ದಿದಾರೆ ಅಂತೀರಿ! ನಲವತ್ತೊಂದನೇ ನಿಯಮಾನೇ ಹೊಡೆದುಹಾಕಿದಾರೆ. ಅಲ್ಲೇ ಒಪ್ಪಂದಕ್ಕೆ ಸಹಿ ಆಯ್ತು. ಪೆಟ್ಟಿಗೆ ಮೇಲೆ ಅವರದೇ ಹೆಸರು. ನಿಮ್ಮನ್ನೂ ಹೊಗಳಿದ್ರು. ಮನುಷ್ಯನ ಪಾತ್ರಾನ ಇಷ್ಟು ಚೆನ್ನಾಗಿ ಆಡೋರನ್ನ ಮುನ್ನೂರು ವರ್ಷದಿಂದ ನೋಡಿಲ್ವಂತೆ. ತಮಾಷೆ ಹೆಂಗಸು."

"ವಿಳಾಸ ಏನು ಕೊಟ್ರು?" ಎಂದು ಫರ್ಗಲ್ ಕೇಳಿದ.

"ಲಿಸ್‌ನಾರಾ ದಿಬ್ಬ, ಮುಳ್ಳುಮರದ ಕೆಳಗೆ."

ಫರ್ಗಲ್ ಫೋನು ಇಟ್ಟು ಕುಸಿದು ಕೂತ. ಅಳು ಬಂತು, ಅತ್ತೂಬಿಟ್ಟ. ಡೆಲಿಯಾ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಅವಳ ಕಣ್ಣೊಂದು ಅರಳಿತು.

"ನನ್ನ ಹೆಸರಾ? ಪೆಟ್ಟಿಗೆ ಮೇಲಾ? ಅಂಗಡಿ ಕಿಟಕೀಲಿಡ್ತಾರಾ? ಒಂದು ಹೊಸ ಕೋಟು ಹೊಲಿಸಬೇಕು ಹಾಗಾದ್ರೆ. ಅಳಬೇಡ್ವೋ. ಒಂದು ಲೋಟ ಚಹಾ ಕೊಡು, ಹಾಲು ಜಾಸ್ತಿ ಹಾಕಿ."

ಹಾಲು ಎಂಬ ಮಾತು ಕೇಳಿದ್ದೇ ತಡ, ಫರ್ಗಲ್ ಮೇಜಿನ ಮೇಲಿದ್ದ ಲಾಳವನ್ನು ಎತ್ತಿ ಅವಳತ್ತ ಚಾಚಿದ. "ಮೊದಲು ಇದನ್ನ ಹಿಡೀರಿ. ಬರಿಗೈಯಲ್ಲಿ!"

ಡೆಲಿಯಾ ಬರಿಗೈಯಲ್ಲೇ ತೆಗೆದುಕೊಂಡಳು. ತೂಗಿ ನೋಡಿದಳು. "ಗಟ್ಟಿಯಾಗಿದೆ. ನಮ್ಮ ಬಾಗಿಲದು ತುಕ್ಕು ಹಿಡಿದು ಬಿದ್ದುಹೋಗಿತ್ತು. ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಾ," ಎಂದು ಚೀಲಕ್ಕೆ ಹಾಕಿಕೊಂಡು, ಅವನು ಬಾಯಿ ತೆರೆಯುವಷ್ಟರಲ್ಲಿ ಹೊರಟೇ ಹೋದಳು. ಬೆಳಗಿನಿಂದ ಆ ಮನೆ ಬಿಟ್ಟು ಹೋದ ನಾಲ್ಕನೆಯ ವಸ್ತು ಅದು.

ಮುದುಕಿ ತನ್ನ ಮನೆಯ ಗೇಟು ತೆರೆದು ಒಳಗೆ ಹೋಗುವುದನ್ನು ಫರ್ಗಲ್ ಕಿಟಕಿಯಿಂದ ನೋಡುತ್ತಲೇ ಇದ್ದ. ಆಗ ಬಾಗಿಲು ತಟ್ಟಿದ ಸದ್ದಾಯಿತು. ಶೆಪ್ ಕುಂಯ್ ಎನ್ನುತ್ತ ಮಂಚದ ಕೆಳಗೆ ಹೋಯಿತು.

"ಮಗಾ," ಎಂದಿತು ಡೆಲಿಯಾಳ ದನಿ, "ಪುಸ್ತಕ ಸಿಕ್ತು, ಆಡೋಕೆ ದಾಳ ಇಲ್ಲ. ಕೊಡ್ತೀಯಾ?"

ಈ ಸಲ ತಟ್ಟಿದ್ದು ಮುಂಬಾಗಿಲು.