ಜೇಬಿನ ಕ್ಯಾಮೆರಾ ಕಳೆದ ಮಾನ

ಕೆಲವರ ಮಾನ ಒಂದೇ ಸಲ ಹೋಗುತ್ತದಂತೆ. ನನ್ನದು ಶಿಫ್ಟಿನ ಹಾಗೆ, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಶುರು.

ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು. ಕೆಟ್ಟ ಪೀಸು ಕಂಡರೆ ಕೆಂಪು ಬೊಟ್ಟಿಟ್ಟು ಪಕ್ಕಕ್ಕೆ ತಳ್ಳುವುದು ನನ್ನ ಕೆಲಸ. ಇಪ್ಪತ್ತು ವರ್ಷ ಇದನ್ನೇ ಮಾಡಿ, ತಪ್ಪು ಯಾವಾಗಲೂ ಎದುರಿಗಿರುವ ಪೀಸಿನಲ್ಲೇ ಇರುತ್ತದೆ ಎಂಬ ನಂಬಿಕೆ ಬೆಳೆದುಬಿಟ್ಟಿದೆ. ಹೋದ ವರ್ಷ ಒಂದು ಪುಟ್ಟ ಕ್ಯಾಮೆರಾ ಕೊಂಡೆ. ಆಫ್ ಇದ್ದಾಗ ಸೋಪಿನ ಡಬ್ಬಿಯಷ್ಟು. ಆನ್ ಮಾಡಿದರೆ ಲೆನ್ಸು ಒಂದರೊಳಗಿಂದ ಒಂದು ಹೊರಬಂದು ಬೆರಳುದ್ದ ಆಗುತ್ತದೆ. ಎಡಮೂಲೆಯಲ್ಲಿ ಮುಚ್ಚಳದ ಕೆಳಗೆ ಫ್ಲಾಶು ಅಡಗಿರುತ್ತದೆ, ಕತ್ತಲಾದರೆ ತಾನೇ ಟಪ್ಪನೆ ಮೇಲೇಳುತ್ತದೆ.

೧. ಬಸ್ಸಿನಲ್ಲಿ

ಮೊದಲ ದಿನವೇ ಅದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ನೂಕುನುಗ್ಗಲಲ್ಲಿ ಸ್ವಿಚ್ಚು ಒತ್ತಿಹೋಯಿತು. ಝೊಯ್ ಅಂತ ಲೆನ್ಸು ಹೊರಟು ಮುಂದೆ ನಿಂತಿದ್ದ ಹಿರಿಯರ ಬೆನ್ನಿಗೆ ತಿವಿಯಿತು. ಅವರು ತಿರುಗಿ ನೋಡುವಾಗಲೂ ನನ್ನ ಜೇಬು ಬೆಳೆಯುತ್ತಲೇ ಇತ್ತು.

"ಸ್ವಿಚ್ಚು ಮೇಲ್ಗಡೆ ಇಟ್ಟಿದ್ದಾರೆ, ಡಿಸೈನೇ ಸರಿಯಿಲ್ಲ" ಅಂತ ಸಮಜಾಯಿಷಿ ಕೊಟ್ಟೆ.

"ಅದ್ಕೆ ಡಿಸೈನ್ ಯಾಕಪ್ಪಾ ಬೈತೀಯ? ಮೂತಿ ಚಾಚ್ತೈತೆ, ಹಸಿವಾಗೈತೇನೋ, ಇಳಿದ್ಮೇಲೆ ಏನಾರ ತಿನ್ಸು" ಅಂದರು.

ಇಡೀ ಬಸ್ಸು ನಕ್ಕಿತು. ನಾನು ಎರಡು ಸ್ಟಾಪು ಮೊದಲೇ ಇಳಿದುಬಿಟ್ಟೆ.

೨. ಆನೆ

ಕೆಲಮಂಗಲದ ಹತ್ತಿರ ಅಕ್ಕನ ಮನೆ. ಒಂದು ಬೆಳಿಗ್ಗೆ ಅವಳ ಮಾಳಿಗೆ ಹತ್ತಿ, ಜೂಮನ್ನು ಕೊನೆಯವರೆಗೂ ಎಳೆದು, ದೂರದ ರಾಗಿ ಹೊಲ ನೋಡಿದೆ. ಕಪ್ಪಗೆ, ದಪ್ಪಗೆ ಏನೋ ಒಂದು. ಅಲುಗಾಡುತ್ತಿದೆ!

"ಆನೆ! ಆನೆ!" ಅಂತ ಕೂಗಿದೆ. ಬೀದಿಯವರೆಲ್ಲ ತಟ್ಟೆ, ಡಬ್ಬ ಬಡಿಯುತ್ತಾ ಓಡಿದರು. ಭಾವ ಮೊಪೆಡ್ಡಿನಲ್ಲಿ ಮುಂದೆ ಹೋದರು. ಅಷ್ಟು ಹಗುರ ಕ್ಯಾಮೆರಾಕ್ಕೆ ಅಷ್ಟುದ್ದ ಲೆನ್ಸು, ಕೈ ಚೂರು ನಡುಗಿದರೂ ಲೋಕವೇ ಅಲ್ಲಾಡುತ್ತದೆ ಅನ್ನುವುದು ನನಗೆ ಹೊಳೆಯುವಷ್ಟರಲ್ಲಿ ಅವರು ವಾಪಸು ಬಂದಿದ್ದರು.

"ಭಾಮೈದ, ಆ ಆನೆ ಸಾವಿರ ಲೀಟರ್ದು. ಪಕ್ಕದ ಹೊಲದೋರು ನೀರಿಗಂತ ನೆನ್ನೆ ತಂದು ಇಟ್ಟವ್ರೆ. ಮುಚ್ಚಳಾನೂ ಐತೆ."

೩. ಅರವತ್ತನೇ ಮದುವೆ

ಇದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳ ಮದುವೆಗೆ ಫೋಟೋದವನು ಬರಲೇ ಇಲ್ಲ, ಒಂದು ಪಟವೂ ಇಲ್ಲ. ಭಾವನಿಗೆ ಅರವತ್ತು ತುಂಬಿದಾಗ, ನಮ್ಮ ಕಡೆಯ ತಮಿಳರ ಹಾಗೆ ಮತ್ತೆ ತಾಳಿ ಕಟ್ಟಿಸುವುದು ಎಂದಾಯಿತು. "ಒಂದೇ ಒಂದು ಫೋಟೋ ಆದ್ರೆ ಸಾಕು ಕಣ್ಲಾ" ಅಂದಳು ಅಕ್ಕ. ಫೋಟೋದವನು ಬೇಡ, ನಾನಿದ್ದೀನಿ ಅಂದೆ. ಮೊಬೈಲು ಹಿಡಿದು ಬಂದವರನ್ನೂ ಅಡ್ಡ ಬರ್ತೀರಿ ಅಂತ ಹಿಂದಕ್ಕೆ ಅಟ್ಟಿದೆ.

ನಡುಮನೆ ಕತ್ತಲು. ಫ್ಲಾಶು ಏಳಲೇ ಇಲ್ಲ. ನನ್ನ ಅಷ್ಟೂ ಫೋಟೋಗಳಲ್ಲಿ ಕಂಡದ್ದು ಎರಡು ದೀಪದ ಕುಡಿ. ಬೇರೆಯವರ ಮೊಬೈಲಲ್ಲಿ ಬಂದದ್ದು ನಾನು, ಗಂಡುಹೆಣ್ಣನ್ನು ಪೂರ್ತಿ ಮರೆಮಾಡಿ ನಿಂತವನು.

ಅಕ್ಕ ಒಂದೊಂದನ್ನೇ ಸರಿಸಿ ನೋಡಿದಳು. "ದೀಪ ಚೆನ್ನಾಗಿ ಬಂದೈತೆ" ಅಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

೪. ರಿಪೇರಿ ಅಂಗಡಿ

ಮಾರನೇ ದಿನ ಹೊಸೂರಿನ ರಿಪೇರಿ ಅಂಗಡಿಗೆ ಹೋಗಿ ಜಗಳಕ್ಕೇ ನಿಂತೆ. ಅಲ್ಲಿದ್ದ ಹೆಂಗಸು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದರು. ಫ್ಲಾಶು ಟಪ್ಪನೆ ಎದ್ದಿತು.

"ಎಪ್ಪಡಿ ಪಿಡಿಚೀಂಗ ಸಾರ್? ಹೆಂಗೆ ಹಿಡ್ಕಂಡಿದ್ರಿ?"

ಇಪ್ಪತ್ತು ವರ್ಷದ ತಪಾಸಣೆಯವನಿಗೆ ಹಿಡಿಯಲು ಬರುವುದಿಲ್ಲವೇ? ಮೊಬೈಲು ತೆಗೆದು, ಯಾರೋ ಪಕ್ಕದಿಂದ ತೆಗೆದಿದ್ದ ನನ್ನ ಫೋಟೋ ಸಾಕ್ಷಿಗೆ ತೋರಿಸಿದೆ. ಆಕೆ ಅದನ್ನು ದೊಡ್ಡದು ಮಾಡಿದರು. ನನ್ನ ಎಡಗೈ ತೋರುಬೆರಳು ಫ್ಲಾಶಿನ ಮುಚ್ಚಳದ ಮೇಲೆ ಆರಾಮಾಗಿ ಕೂತಿತ್ತು.

"ಕ್ಯಾಮೆರಾ ಸರಿಯಾಗೈತೆ ಸಾರ್. ಬೆರಳು ನಾವು ರಿಪೇರಿ ಮಾಡಲ್ಲ."

೫. ಕೆಂಪು ಬೊಟ್ಟು

ಅಲ್ಲಿಂದ ನೇರ ಅಕ್ಕನ ಮನೆಗೆ ಹೋಗಿ, ತಲೆ ತಗ್ಗಿಸಿ, ಇದ್ದದ್ದು ಇದ್ದಂತೆ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಅಳುತ್ತಾಳೇನೋ ಅಂದುಕೊಂಡೆ. ದೇವರ ಗೂಡಿನಿಂದ ಕುಂಕುಮದ ಭರಣಿ ತಂದು, ನನ್ನ ಎಡಗೈ ಎಳೆದು, ತೋರುಬೆರಳಿಗೆ ದಪ್ಪಗೆ ಬೊಟ್ಟಿಟ್ಟಳು.

"ಕೆಟ್ಟ ಪೀಸ್ಗೆ ಕೆಂಪು ಬೊಟ್ಟು ಅಂತ ನೀನೇ ಅಲ್ವೇನ್ಲಾ ಹೇಳೋದು? ಅದನ್ನ ಪಕ್ಕಕ್ಕಿಕ್ಕಿ ಒಂದು ಫೋಟೋ ತೆಗಿ."

ರೇಷ್ಮೆ ಸೀರೆ ಮತ್ತೆ ಬಂತು. ಬಾಡಿದ ಹಾರಗಳು ಗೋಡೆಯ ಮೊಳೆಯಿಂದ ಇಳಿದವು. ಕೆಂಪು ಬೆರಳನ್ನು ಗಾಳಿಯಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಕ್ಯಾಮೆರಾ ಹಿಡಿದೆ. ಫ್ಲಾಶು ಎದ್ದಿತು. ಅಷ್ಟರಲ್ಲಿ ಭಾವ ಕೈ ಅಡ್ಡ ಹಿಡಿದರು.

"ಒಬ್ಬಳನ್ನೇ ಮೂರು ಸಲ ಮದ್ವೆ ಆದೋನು ಈ ತಾಲೂಕಲ್ಲಿ ನಾನೊಬ್ನೇಯ. ಬೆರಳು ಬದ್ರ ಭಾಮೈದ, ನಾಕನೇದು ನನ್ ಕೈಲಾಗಲ್ಲ!"

ಅಕ್ಕ ಬಾಯಿ ತುಂಬ ನಕ್ಕಳು. ಆಗ ಒತ್ತಿದೆ.